ಮಂಜಿನಲ್ಲೊಂದು ಕುರುಕ್ಷೇತ್ರ

ರಾಮನಗರದಲ್ಲಿ ಮನೆ ಮಾಡಿಕೊಂಡಿರುವವರಿಗೆ ಒಂದು ಕಾಟ ತಪ್ಪಿದ್ದಲ್ಲ. ಮನೆಗೆ ಬಂದ ನೆಂಟರು ಚಪ್ಪಲಿ ಬಿಟ್ಟು ಒಂದು ಲೋಟ ನೀರು ಕುಡಿಯುವ ಮೊದಲೇ ಕೇಳುತ್ತಾರೆ: "ಗಬ್ಬರ್ ಸಿಂಗ್ ಕೂತಿದ್ದ ಬಂಡೆ ಯಾವುದು?" ನನ್ನ ಬಿ.ಪಿ., ಹೆಂಡತಿಯ ಮಂಡಿನೋವು, ಮಗನ ಕೆಲಸ, ಇವೆಲ್ಲ ಆಮೇಲಿನ ವಿಚಾರ. ಮೊದಲು ಬಂಡೆ.

ನಾನೂ ಒಂದು ಉಪಾಯ ಕಂಡುಕೊಂಡಿದ್ದೇನೆ. ಅವರನ್ನು ಮಹಡಿಗೆ ಕರೆದುಕೊಂಡು ಹೋಗಿ, ಯಾವ ದಿಕ್ಕಿನಲ್ಲಿ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲವೋ ಆ ದಿಕ್ಕಿನ ಬಂಡೆಯತ್ತ ಬೆರಳು ಮಾಡುತ್ತೇನೆ. ನಮ್ಮೂರಿನಲ್ಲಿ ಬಂಡೆಗೇನು ಬರ? ಬೀಗರ ಕಡೆಯವರಿಗೆ ತೋರಿಸಿದ್ದು ಒಂದು, ಸೋದರಮಾವನ ಮಕ್ಕಳಿಗೆ ತೋರಿಸಿದ್ದು ಇನ್ನೊಂದು. ಎಲ್ಲರೂ ಅದರ ಮುಂದೆ ಫೋಟೊ ತೆಗೆಸಿಕೊಂಡು ಸಂತೋಷವಾಗಿ ಹೋಗಿದ್ದಾರೆ. ಒಂದು ಮದುವೆಯಲ್ಲಿ ಇವರಿಬ್ಬರೂ ಅಕ್ಕಪಕ್ಕದ ಎಲೆಗೆ ಕೂತು ಮೊಬೈಲಿನಲ್ಲಿ ಬಂಡೆ ಹೋಲಿಸಿ ನೋಡಲು ಶುರುಮಾಡಿದಾಗ ನಾನು ಪಾಯಸಕ್ಕೂ ಕಾಯದೆ ಕೈ ತೊಳೆಯಲು ಎದ್ದುಬಿಟ್ಟೆ.

ಅದೇನೋ 1973ರಲ್ಲಿ ರಮೇಶ್ ಸಿಪ್ಪಿ ದಂಡು ಕಟ್ಟಿಕೊಂಡು ಬಂದು ರಾಮದೇವರ ಬೆಟ್ಟದ ಬುಡದಲ್ಲಿ ಒಂದು ಊರನ್ನೇ ಕಟ್ಟಿಸಿದರು. ಗುಡಿ, ನೀರಿನ ಟ್ಯಾಂಕು, ಠಾಕೂರನ ಮನೆ, ಎಲ್ಲವೂ ಇತ್ತು. 1975ರ ಆಗಸ್ಟ್ 15ಕ್ಕೆ 'ಶೋಲೆ' ಬಿಡುಗಡೆಯಾಗುವ ಹೊತ್ತಿಗೆ ಆ ಊರಿಗೆ ಇಲ್ಲಿ ಕೆಲಸ ಮುಗಿದಿತ್ತು. ಬೆಟ್ಟ ಮಾತ್ರ ಉಳಿಯಿತು. ಡೇವಿಡ್ ಲೀನ್ ಎನ್ನುವ ಮಹಾಶಯರೂ ಇದೇ ಸೀಮೆಗೆ ಬಂದು, ಮಾಗಡಿ ಕಡೆಯ ಸಾವನದುರ್ಗದ ಬಂಡೆಯನ್ನು ತಮ್ಮ 'ಎ ಪ್ಯಾಸೇಜ್ ಟು ಇಂಡಿಯಾ'ದಲ್ಲಿ ತೋರಿಸಿದರು. ಅದು 1984ರ ಚಿತ್ರ. ಅದರ ಗುಹೆ ಎಲ್ಲಿ ಎಂದು ಕೇಳಿದ ಒಬ್ಬ ನೆಂಟನನ್ನೂ ನಾನು ಕಂಡಿಲ್ಲ. ಖಳನಾಯಕ ಇಲ್ಲದ ಚಿತ್ರ ಯಾರಿಗೆ ಬೇಕು?

ಊರಿನ ಹೆಸರಿನ ಕಥೆಯೂ ಹಾಗೇ ಇದೆ. ಟಿಪ್ಪುವಿನ ಕಾಲಕ್ಕೆ ಶಂಸೇರಾಬಾದ್, ಬ್ರಿಟಿಷರ ಕಾಲಕ್ಕೆ ಬ್ಯಾರಿ ಕ್ಲೋಸ್ ದೊರೆಯ ಹೆಸರಲ್ಲಿ ಕ್ಲೋಸ್‌ಪೇಟೆ, ಆಮೇಲೆ ರಾಮನಗರ. 2007ರಲ್ಲಿ ಜಿಲ್ಲೆಯಾಯಿತು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಭೂವಿಜ್ಞಾನಿಗಳು ಮಾತ್ರ ಇಲ್ಲಿನ ಕಲ್ಲನ್ನು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಕರೆಯುತ್ತಾರೆ. ಇನ್ನುಳಿದವರಿಗೆ ಇದು ಸಿನಿಮಾದ ರಾಮಗಢ.

ಹೀಗಿರುವಾಗ ಒಂದು ಕ್ರಿಸ್‌ಮಸ್ ರಜೆಗೆ ಬೆಂಗಳೂರಿನಿಂದ ನನ್ನ ಕಾಲೇಜಿನ ಗೆಳೆಯ ಬಂದ. ಬ್ಯಾಂಕಿನಿಂದ ನಿವೃತ್ತನಾದವನು, ಆದರೂ ರಜಾದಿನಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡೇ ಬದುಕುತ್ತಾನೆ. ಮಾಗಡಿಯಿಂದ ನಮ್ಮ ಮೇಷ್ಟ್ರು ಬರುವವರಿದ್ದರು, ಕನಕಪುರದಿಂದ ವಕೀಲರು. ಬೆಳಿಗ್ಗೆ ಬೆಟ್ಟ, ಮಧ್ಯಾಹ್ನ ಊಟ, ರಾತ್ರಿ ಚನ್ನಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ ಹನುಮ ಜಯಂತಿಯ ಪ್ರಯುಕ್ತ 'ಕುರುಕ್ಷೇತ್ರ' ನಾಟಕ ಎಂದು ಗೊತ್ತುಮಾಡಿಕೊಂಡಿದ್ದೆವು.

ಎದ್ದು ಬಾಗಿಲು ತೆಗೆದರೆ ಎದುರುಮನೆ ಇಲ್ಲ.

ಅರ್ಕಾವತಿಯ ಕಡೆಯಿಂದ ಎದ್ದ ಮಂಜು ಬೀದಿ, ಲೈಟುಕಂಬ, ಹಾಲಿನ ಬೂತು ಎಲ್ಲವನ್ನೂ ನುಂಗಿತ್ತು. ಹಾಲಿನವನ ಸೈಕಲ್ ಗಂಟೆ ಮಾತ್ರ ಬರುತ್ತಿತ್ತು, ಸೈಕಲ್ ಬರುತ್ತಿರಲಿಲ್ಲ. ಬ್ಯಾಂಕಿನವನು ಈ ಮಂಜನ್ನು ಮೊಬೈಲಿನಲ್ಲಿ ಹಿಡಿದು ಟೊರಾಂಟೊದಲ್ಲಿರುವ ಮಗಳಿಗೆ ಕಳಿಸಿದ. ಅವಳು ಅಲ್ಲಿಂದ ಒಂದು ವಿಡಿಯೊ ಕಳಿಸಿದಳು: ಮೊಣಕಾಲುದ್ದದ ಹಿಮ, ಅಳಿಯ ಸಲಿಕೆ ಹಿಡಿದು ಕಾರಿನ ಸುತ್ತ ಅಗೆಯುತ್ತಿದ್ದಾನೆ. "ನೋಡು, ಎಂ.ಎಸ್. ಮಾಡಿಸಿದ್ದಕ್ಕೆ ಮಣ್ಣು ಹೊರೋ ಕೆಲಸ," ಎಂದ ಬ್ಯಾಂಕಿನವನು. ಆದರೆ ಆ ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು. ನಮ್ಮ ಮಂಜಿಗೆ ಆ ಗೌರವ ಇಲ್ಲ. ಸಲಿಕೆ ಬೇಡ, ಪೊರಕೆ ಬೇಡ, ಹನ್ನೊಂದು ಗಂಟೆಗೆ ತಾನಾಗಿಯೇ ಎದ್ದುಹೋಗುತ್ತದೆ.

ಇದನ್ನು ರೈತರ ಮುಂದೆ ಹೇಳಬಾರದು. ಡಿಸೆಂಬರು, ಜನವರಿ ಎಂದರೆ ನಮ್ಮ ಕಡೆ ಮಾವು ಹೂ ಬಿಡುವ ಕಾಲ. ಮಂಜು ಕೂತರೆ ಹೂಗೊಂಚಲಿಗೆ ಬೂದಿ ರೋಗ ಬರುತ್ತದೆ, ಹೂವು ಕಪ್ಪಾಗಿ ಉದುರುತ್ತದೆ. ರೇಷ್ಮೆ ಸಾಕುವವರಿಗೆ ಇನ್ನೊಂದು ಭಯ. ಥಂಡಿ ಹೆಚ್ಚಾದರೆ ಹುಳುವಿಗೆ ಸುಣ್ಣಕಟ್ಟು ತಗಲಿ, ಸತ್ತ ಹುಳು ಬಿಳಿಚಿಕೊಂಡು ಸೀಮೆಸುಣ್ಣದ ಕಡ್ಡಿ ಆಗಿಬಿಡುತ್ತದೆ. ರಾತ್ರಿಯೆಲ್ಲ ಹುಳುಮನೆಯಲ್ಲಿ ಕೆಂಡ ಇಟ್ಟು ಕಾಯುವವನಿಗೆ ಹೋಗಿ "ಆಹಾ, ಏನು ಚೆಂದ ಮಂಜು" ಎಂದರೆ ಆ ಕೆಂಡ ಎಲ್ಲಿಗೆ ಬೀಳುತ್ತದೋ ಹೇಳಲಾಗದು.

ಆದರೂ ಬೆಟ್ಟಕ್ಕೆ ಹೋದೆವು. ಹೋದೆವು ಎಂದು ನಂಬಿದ್ದೇವೆ. ಕಾರು ನಿಂತ ಜಾಗದಲ್ಲಿ ಬೆಟ್ಟ ಇತ್ತು ಎನ್ನುವುದಕ್ಕೆ ಒಂದು ಬೋರ್ಡು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ. ರಣಹದ್ದು ವನ್ಯಧಾಮ ಎಂದು ಬರೆದಿತ್ತು. 2012ರಿಂದ ಆ ಬಂಡೆಯ ಸಂದುಗಳು ಉದ್ದ ಕೊಕ್ಕಿನ ರಣಹದ್ದುಗಳ ಪಾಲು. ಅವೂ ಕಾಣಲಿಲ್ಲ. ಬಿಸಿಲಿಗೆ ಬಂಡೆ ಕಾದು, ಬೆಚ್ಚಗಿನ ಗಾಳಿ ಮೇಲೆದ್ದ ಮೇಲೆಯೇ ರಣಹದ್ದು ರೆಕ್ಕೆ ಬಿಚ್ಚುವುದು. ಅಲ್ಲಿಯವರೆಗೆ ಅದು ಗೂಡು ಬಿಟ್ಟು ಏಳುವುದಿಲ್ಲ. ರಜೆಯ ದಿನ ಹೇಗಿರಬೇಕು ಎಂದು ಅದಕ್ಕೆ ಗೊತ್ತಿದೆ.

"ಸರಿ, ಗಬ್ಬರನ ಬಂಡೆ ಯಾವುದು?" ಎಂದ ಬ್ಯಾಂಕಿನವನು.

ನಾನು ಬಿಳಿಯ ಶೂನ್ಯದತ್ತ ಬೆರಳು ಚಾಚಿ, "ಅದೇ," ಎಂದೆ. ಅಷ್ಟು ಧೈರ್ಯವಾಗಿ ನಾನು ಯಾವತ್ತೂ ಬೆರಳು ಚಾಚಿರಲಿಲ್ಲ. ಅವನು ಫೋಟೊ ತೆಗೆದುಕೊಂಡ. ಇವತ್ತಿಗೂ ಅವನ ಮೊಬೈಲಿನಲ್ಲಿದೆ, ಪೂರ್ತಿ ಬಿಳಿ.

ಬೆಟ್ಟ ಕೈಕೊಟ್ಟ ಮೇಲೆ ಹೊಟ್ಟೆ ನೆನಪಾಯಿತು. ಈ ಮನುಷ್ಯ ಬರುವಾಗ ಬಿಡದಿಯಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದಿದ್ದ. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಬಿಡದಿಯನ್ನೂ ರಾಮನಗರವನ್ನೂ ಚನ್ನಪಟ್ಟಣವನ್ನೂ ಪಕ್ಕಕ್ಕೆ ಬಿಟ್ಟು ಹಾರಿಹೋಗುತ್ತದೆ. ಅದರಲ್ಲಿ ಹೋಗುವವರಿಗೆ ಇಡ್ಲಿಯ ವಾಸನೆಯೂ ಹತ್ತುವುದಿಲ್ಲ. ಇಡ್ಲಿಗೋಸ್ಕರವೇ ಹಳೇ ರಸ್ತೆಯಲ್ಲಿ ಬಂದೆ ಎಂದು ಅವನು ಎದೆ ಉಬ್ಬಿಸಿದ. ಭಕ್ತಿ ಮೆಚ್ಚತಕ್ಕದ್ದೇ. ಆದರೆ ಆರಿದ ತಟ್ಟೆ ಇಡ್ಲಿಯ ಮುಂದೆ ಭಕ್ತಿ ಏನು ಮಾಡೀತು? ಅದರ ಮೇಲಿನ ಬೆಣ್ಣೆ ಮೇಣವಾಗಿತ್ತು. ಕಾರು ತಿರುಗಿಸಿಕೊಂಡು, ಹಳದಿ ದೀಪ ಹಾಕಿಕೊಂಡು, ಹಳೇ ರಸ್ತೆಯಲ್ಲೇ ತೆವಳುತ್ತ ಬಿಡದಿಗೆ ಹೋದೆವು. ಹೋಟೆಲು ಬಂತು ಎಂದು ಗೊತ್ತಾಗಿದ್ದು ಕಣ್ಣಿಗಲ್ಲ, ಮೂಗಿಗೆ. ಇಡ್ಲಿ ಬೇಯಿಸುವವನು ಪೆಟ್ಟಿಗೆಯ ಮುಚ್ಚಳ ತೆಗೆದಾಗ ಒಳಗಿನ ಹಬೆ ಹೊರಗಿನ ಮಂಜಿಗೆ ಸೇರಿ, ಸ್ವಲ್ಪ ಹೊತ್ತು ಅವನೂ ಮಾಯವಾದ. ಹಬೆಯೊಳಗಿಂದ ಒಂದು ಕೈ ಹೊರಗೆ ಬಂದು ತಟ್ಟೆ ಇಟ್ಟಿತು. ತಟ್ಟೆಯ ಅಂಚಿನವರೆಗೂ ಇಡ್ಲಿ, ನಡುವೆ ಇಳಿಯುತ್ತಿದ್ದ ಬೆಣ್ಣೆಯ ಗಡ್ಡೆ, ಪಕ್ಕದಲ್ಲಿ ಕಾಯಿಚಟ್ನಿ. ಯಾರೂ ಮಾತಾಡಲಿಲ್ಲ. ಕ್ಯಾತ್ಸಂದ್ರದ್ದು ಮೇಲೋ ಬಿಡದಿಯದು ಮೇಲೋ ಎಂಬ ಜಗಳಕ್ಕೂ ಎರಡನೇ ತಟ್ಟೆ ಮುಗಿಯಬೇಕಾಯಿತು.

ಮನೆಗೆ ಬಂದಾಗ ಮಾಗಡಿ ಮೇಷ್ಟ್ರು ಜಗಲಿಯ ಮೇಲೆ ಗೋಣಿಚೀಲದ ಪಕ್ಕ ಕೂತಿದ್ದರು. ಚೀಲದ ತುಂಬ ಅವರೆಕಾಯಿ. ಮಾಗಡಿ ಅವರೆ ಎಂದರೆ ಬೆಂಗಳೂರಿನ ಅವರೆ ಮೇಳದವರೂ ಕಣ್ಣರಳಿಸುತ್ತಾರೆ. ಮಾವಿಗೆ ಶನಿಯಾದ ಮಂಜೇ ಅವರೆಗೆ ಗುರು. ಇಬ್ಬನಿ ಬಿದ್ದಷ್ಟೂ ಕಾಯಿಗೆ ಸೊಗಡು ಏರುತ್ತದೆ ಎಂದು ಮೇಷ್ಟ್ರು ಪ್ರತಿ ವರ್ಷ ಪಾಠ ಮಾಡುತ್ತಾರೆ. ಆ ಹೊತ್ತಿಗೆ ಕನಕಪುರದ ವಕೀಲರೂ ಬಸ್ಸಿಳಿದು ಬಂದರು. ಅವರ ತಲೆಗೆ ಮಂಕಿ ಕ್ಯಾಪು, ಅದರ ಮೇಲೊಂದು ಮಫ್ಲರು. ಕಿವಿ ಮುಚ್ಚಿದ್ದರಿಂದ ಅವರಿಗೆ ನಾವು ಹೇಳುವುದು ಕೇಳುತ್ತಿರಲಿಲ್ಲ. ನಮಗೂ ಕೇಳುತ್ತಿಲ್ಲವೆಂದು ತಿಳಿದು ಕೋರ್ಟಿನ ದನಿಯಲ್ಲಿ ಕೂಗುತ್ತಿದ್ದರು.

"ಬರೀ ಕೂಗಾಡ್ತಾ ಕೂತ್ರೆ ಸಾರು ಆಗಲ್ಲ, ಸುಲೀರಣ್ಣ ಎಲ್ಲಾರೂ," ಎಂದು ನನ್ನ ಹೆಂಡತಿ ಮೊರ ತಂದಿಟ್ಟಳು.

ಅವರೆ ಸುಲಿಯುವಾಗ ಹುದ್ದೆ, ಪಿಂಚಣಿ ಯಾವುದೂ ಲೆಕ್ಕಕ್ಕಿಲ್ಲ. ಕಾಯಿಯ ಬೆನ್ನಿಗೆ ಹೆಬ್ಬೆರಳಿಟ್ಟು ಒತ್ತಿದರೆ ಟಪ್ಪೆಂದು ಬಾಯಿ ಬಿಡಬೇಕು. ಬಿಟ್ಟರೆ ಒಳಗೆ ನಾಲ್ಕು ಕಾಳು, ಅದೃಷ್ಟ ಇಲ್ಲದಿದ್ದರೆ ಮೂರು ಕಾಳು, ಒಂದು ಹುಳು. ಅಂಟಂಟು ಎಣ್ಣೆ ಬೆರಳಿಗೆ ಹತ್ತುತ್ತದೆ. ಸೋಪು ಹಾಕಿ ತೊಳೆದರೂ ಸಾಯಂಕಾಲದವರೆಗೆ ಘಮ ಹೋಗುವುದಿಲ್ಲ. ಹಿತಕುವುದು ಇನ್ನೂ ಸೂಕ್ಷ್ಮ. ರಾತ್ರಿಯೇ ನೆನೆಹಾಕಿದ್ದ ಬೇರೆ ಕಾಳಿನ ಪಾತ್ರೆಯನ್ನು ಅವಳು ಮುಂದಿಟ್ಟಳು. ಎರಡು ಬೆರಳ ನಡುವೆ ಹಿಡಿದು ಹಿಸುಕಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಚಿಮ್ಮಬೇಕು. ಬ್ಯಾಂಕಿನವನು ಜೀವಮಾನವಿಡೀ ನೋಟು ಎಣಿಸಿದ ಬೆರಳಿನವನು, ಅವನ ಬೇಳೆ ಸೀದಾ ಪಾತ್ರೆಗೆ ಬೀಳುತ್ತಿತ್ತು. ವಕೀಲರದು ಎದುರು ಪಾರ್ಟಿಯ ಕಡೆಗೆ ಹಾರುತ್ತಿತ್ತು. ಎದುರು ಪಾರ್ಟಿ ನಾನು.

ಹೀಗೆ ಕೂತಿರುವಾಗ ಹನ್ನೊಂದರ ಸುಮಾರಿಗೆ ಮಂಜು ಎದ್ದಿತು. ಮೊದಲು ಎದುರುಮನೆ ಬಂತು, ಆಮೇಲೆ ತೆಂಗಿನಮರ, ಆಮೇಲೆ ಒಂದೊಂದಾಗಿ ಬಂಡೆಗಳು. ರಾಮದೇವರ ಬೆಟ್ಟ ಪೂರ್ತಿ ಬಂದು ನಿಂತಿತು. ಅದರ ಮೇಲೆ ಒಂದು ಹಕ್ಕಿ ಬಹಳ ಎತ್ತರದಲ್ಲಿ ಸುತ್ತುತ್ತಿತ್ತು. ಹದ್ದೋ ರಣಹದ್ದೋ, ನೋಡಲು ಕನ್ನಡಕ ಬೇಕಿತ್ತು, ಕನ್ನಡಕ ತೆಗೆಯಲು ಕೈ ತೊಳೆಯಬೇಕಿತ್ತು. "ಹೋಗೋಣವೇನೋ?" ಎಂದೆ. ಬ್ಯಾಂಕಿನವನು ಬೆಟ್ಟದ ಕಡೆ ಒಮ್ಮೆ ನೋಡಿ, ಪಾತ್ರೆಯ ಕಡೆ ಒಮ್ಮೆ ನೋಡಿ, ಇನ್ನೊಂದು ಹಿಡಿ ಕಾಳು ತೆಗೆದುಕೊಂಡ. ಊಟಕ್ಕೆ ರಾಗಿ ಹಿಟ್ಟು, ಹಿತಕಿದಬೇಳೆ ಸಾರು. ಆಮೇಲೆ ನಾಲ್ವರೂ ಒರಗಿದ್ದು ಗೊತ್ತು. ಜಾನಪದ ಲೋಕಕ್ಕೆ ಹೋಗುವ ಯೋಜನೆ ಇತ್ತು. ಎಚ್.ಎಲ್. ನಾಗೇಗೌಡರು ಹಳ್ಳಿ ಹಳ್ಳಿ ತಿರುಗಿ ಬೀಸುವ ಕಲ್ಲಿನಿಂದ ತೊಗಲುಗೊಂಬೆಯವರೆಗೆ ಕೂಡಿಹಾಕಿ 1994ರಲ್ಲಿ ಕಟ್ಟಿದ್ದು. ಎದ್ದಾಗ ಅದರ ಬಾಗಿಲು ಹಾಕುವ ಹೊತ್ತಾಗಿತ್ತು. ಮೇಷ್ಟ್ರು, "ರಾತ್ರಿ ಜೀವಂತ ಜಾನಪದವನ್ನೇ ನೋಡ್ತೀವಲ್ಲ," ಎಂದು ಸಮಾಧಾನ ಹೇಳಿದರು.

ನಮ್ಮ ಸೀಮೆಯ ಪೌರಾಣಿಕ ನಾಟಕ ನೋಡದವರಿಗೆ ಅದರ ವ್ಯವಹಾರ ಸ್ವಲ್ಪ ಹೇಳಬೇಕು. ಇಲ್ಲಿ ಪಾತ್ರ ಸಿಗುವುದು ಪ್ರತಿಭೆಯಿಂದಲ್ಲ, ಕಟ್ಟುವ ದುಡ್ಡಿನಿಂದ. ದುರ್ಯೋಧನ, ಕೃಷ್ಣ ದುಬಾರಿ. ಭೀಮ, ಕರ್ಣ, ಶಕುನಿ ಆಮೇಲೆ. ವಿದುರ ಅಗ್ಗ, ನಮ್ಮ ವಕೀಲರು ಹುಡುಗರಾಗಿದ್ದಾಗ ವಿದುರನನ್ನೇ ಕಟ್ಟಿದ್ದರು. ಆಸೆ ಇರುವವರು ಹೆಚ್ಚು, ಕೃಷ್ಣ ಒಬ್ಬನೇ ಆದ್ದರಿಂದ ಅವನನ್ನು ಭಾಗ ಮಾಡಿರುತ್ತಾರೆ: ಸಂಧಾನದವರೆಗೆ ಒಂದನೇ ಕೃಷ್ಣ, ಅಲ್ಲಿಂದಾಚೆಗೆ ಎರಡನೇ ಕೃಷ್ಣ. ಮೊದಲನೆಯವನು ತೆಳ್ಳಗಿದ್ದು ಎರಡನೆಯವನು ದಪ್ಪಗಿದ್ದರೆ ಯಾರಿಗೂ ತಕರಾರಿಲ್ಲ, ವಿಶ್ವರೂಪ ಕಂಡವರಿಗೆ ಅದೇನು ಮಹಾ. ದ್ರೌಪದಿ, ಕುಂತಿ, ಉತ್ತರೆಯರು ಮಾತ್ರ ಸಂಬಳಕ್ಕೆ ಬರುವ ಕಲಾವಿದೆಯರು. ಇಡೀ ರಂಗದಲ್ಲಿ ಮಾತು ಬಾಯಿಪಾಠ ಬರುವುದು ಅವರಿಗೆ ಮತ್ತು ಹಾರ್ಮೋನಿಯಂ ಮೇಷ್ಟ್ರಿಗೆ. ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸು ಮಾಡಿಸಿದ ಆ ಮೇಷ್ಟ್ರು ರಂಗದ ಪಕ್ಕ ಪೆಟ್ಟಿಗೆ ಇಟ್ಟುಕೊಂಡು ಕೂತು, ಪಾತ್ರಧಾರಿ ಮಾತು ಮರೆತ ಕೂಡಲೇ ಶ್ರುತಿ ಎತ್ತಿ ಹಾಡಿಗೆ ತಳ್ಳಿಬಿಡುತ್ತಾರೆ.

ಗುಬ್ಬಿ ಕಂಪನಿಯವರು 'ಕುರುಕ್ಷೇತ್ರ' ಆಡಿದಾಗ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದಿದ್ದರಂತೆ. ನಮ್ಮ ಹಳ್ಳಿಗೆ ಡ್ರಾಮಾ ಸೀನಿನವರು ಲಾರಿಯಲ್ಲಿ ತಂದದ್ದು ಅರಮನೆ, ಕಾಡು, ಯುದ್ಧಭೂಮಿಯ ಪರದೆಗಳು, ಝಗಝಗಿಸುವ ದೀಪಗಳು, ಪ್ಲಾಸ್ಟಿಕ್ ಕುದುರೆಗಳ ಒಂದು ರಥ. ಊರ ಬಾಗಿಲಲ್ಲಿ ಫ್ಲೆಕ್ಸು. ಎಲ್ಲ ಪಾತ್ರಧಾರಿಗಳ ಕಿರೀಟದ ಫೋಟೊ, ಕೆಳಗೆ ಅವರವರ ಅಪ್ಪನ ಹೆಸರು.

ವಕೀಲರು ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಕ್ಕೆ ಕಾರಣ ಇತ್ತು. ಅವತ್ತಿನ ದುರ್ಯೋಧನ ಅವರ ಕಕ್ಷಿದಾರ. ಊರಿನ ಹಾಲಿನ ಡೇರಿಯ ಸೆಕ್ರೆಟರಿ. ಚಿಕ್ಕಪ್ಪನ ಮಗನಿಗೆ ಐದು ಗುಂಟೆ ಬಿಟ್ಟುಕೊಡುವುದಿಲ್ಲವೆಂದು ಕೋರ್ಟಿಗೆ ಹೋಗಿದ್ದವನು. ಆ ಚಿಕ್ಕಪ್ಪನ ಮಗ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಕೆಲಸಗಾರ, ಅವತ್ತಿನ ಭೀಮ. "ನಾನು ಬರದೇ ಇದ್ರೆ ಗದಾಯುದ್ಧದಲ್ಲಿ ಹೆಚ್ಚುಕಮ್ಮಿ ಆಗ್ತದೆ ಕಣ್ರೀ," ಎಂದು ವಕೀಲರು ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿಸಿಕೊಂಡರು.

ನಾಟಕ ಹತ್ತಕ್ಕೆ ಎಂದು ಹ್ಯಾಂಡ್‌ಬಿಲ್ಲಿನಲ್ಲಿತ್ತು. ದಾನಿಗಳಿಗೆ ಶಾಲು ಹೊದಿಸಿ ಮುಗಿದದ್ದು ಹನ್ನೊಂದೂವರೆಗೆ. ಜೂಜಿನ ಸಭೆಯಲ್ಲಿ ದುಶ್ಶಾಸನ ಸೀರೆಗೆ ಕೈಹಾಕಿದ್ದಾನೆ, ಅಷ್ಟರಲ್ಲಿ ಅವನ ಭಾವಮೈದ ರಂಗಕ್ಕೆ ಹತ್ತಿ ಆಳೆತ್ತರದ ಹಾರ ಹಾಕಿ, ನೂರರ ನೋಟು ಸಿಕ್ಕಿಸಿದ. ದ್ರೌಪದಿ ಒಂದು ಕೈಯಲ್ಲಿ ಸೆರಗು ಹಿಡಿದುಕೊಂಡೇ ಪಕ್ಕಕ್ಕೆ ಸರಿದು ಫೋಟೊಗೆ ಜಾಗ ಮಾಡಿಕೊಟ್ಟಳು. ಫೋಟೊ ಆದ ಮೇಲೆ ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದಲೇ ಕೃಷ್ಣನನ್ನು ಕರೆದಳು. ಆ ದನಿಗೆ, ಪಕ್ಕದಲ್ಲಿ ಕಡ್ಲೆಕಾಯಿ ತಿನ್ನುತ್ತಿದ್ದ ಅಜ್ಜಿ ಕೈ ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಬ್ಯಾಂಕಿನವನೂ ಮೂಗು ಒರೆಸಿಕೊಂಡ, ಥಂಡಿ ಎಂದ.

ಥಂಡಿಯೂ ಇತ್ತು. ಎರಡರ ಮೇಲೆ ಕಂಬಳಿಗಳು ಹೊರಬಂದವು, ತೆಂಗಿನ ಗರಿಯ ಬೆಂಕಿ ಎದ್ದಿತು, ಬೋಂಡದ ಬಾಣಲೆಯ ಸುತ್ತ ಸಭೆಗಿಂತ ಹೆಚ್ಚು ಜನ ಸೇರಿದರು. ಮೂರೂವರೆಗೆ ಮತ್ತೆ ಮಂಜು ಇಳಿಯತೊಡಗಿತು. ಮೊದಲು ಹಿಂದಿನ ಪರದೆ ಹೋಯಿತು, ಆಮೇಲೆ ರಥ. ಅಭಿಮನ್ಯು ಚಕ್ರವ್ಯೂಹ ಹೊಕ್ಕಿದ್ದನ್ನು ನಾವು ಕೇಳಿದೆವು, ನೋಡಲಿಲ್ಲ. ಕರ್ಣ ಕೆಂಪು ದೀಪದ ಬೆಳಕಿನಲ್ಲಿ ಬರೀ ನೆರಳಾಗಿ ಹಾಡಿದ. ಹಗಲು ಬೆಳಕಿನಲ್ಲಿ ಅವನ ಕವಚ ತಗಡಿನದೆಂದು ಕಾಣುತ್ತಿತ್ತೇನೋ. ಆ ಮಂಜಿನಲ್ಲಿ ಅವನು ಸೂರ್ಯನ ಮಗನೇ ಆಗಿದ್ದ. ಬೆಳಿಗ್ಗೆ ಬೆಟ್ಟ ಮುಚ್ಚಿದ ಅದೇ ಮಂಜಿನ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಇಳಿಯಿತು.

ಐದೂವರೆಗೆ ದುರ್ಯೋಧನ ವೈಶಂಪಾಯನ ಸರೋವರ ಹೊಕ್ಕ. ಸರೋವರ ಎಂದರೆ ಒಂದು ನೀಲಿ ಪರದೆ. ಅವತ್ತು ಅದರ ಅಗತ್ಯವೇ ಇರಲಿಲ್ಲ. ರನ್ನನ ದುರ್ಯೋಧನನಿಗೆ ಸಿಟ್ಟಿನಲ್ಲಿ ನೀರೊಳಗೂ ಸೆಕೆಯಾಗಿತ್ತು, ನಮ್ಮವನ ಹಲ್ಲು ಮೈಕಿನಲ್ಲಿ ಕಟಕಟ ಕೇಳುತ್ತಿತ್ತು. ಭೀಮ ಗದೆ ಎತ್ತಿಕೊಂಡು ಬಂದ. ಬಾಡಿಗೆ ಗದೆ ಬೇಡವೆಂದು ಅವನೇ ಆಲೆಮರದಲ್ಲಿ ಕಡೆದು, ಕೆಂಪು ಹಳದಿ ಅರಗು ಹಿಡಿಸಿ, ತಾಳೆಗರಿಯಲ್ಲಿ ತೀಡಿ ಹೊಳಪು ಕೊಟ್ಟಿದ್ದ. ಕೆಲಸ ಬಲು ನಯ, ಗಾತ್ರ ಮಾತ್ರ ಸಾಲದು. "ಏನ್ಲಾ ಭೀಮ, ಹಿಟ್ಟಿನ ಕೋಲು ತಂದಿದ್ದೀಯಾ?" ಎಂದು ಕತ್ತಲಿಂದ ಯಾರೋ ಕೂಗಿದರು. ವಕೀಲರು ಮಂಕಿ ಕ್ಯಾಪು ಮೇಲೆತ್ತಿ ಕುರ್ಚಿಯ ತುದಿಗೆ ಬಂದರು.

ಅಷ್ಟು ಹೊತ್ತಿಗೆ ಸಭೆಯ ಹಿಂದೆ ಟಣಟಣ ಶಬ್ದ ಶುರುವಾಗಿತ್ತು. ಡೇರಿ ಇದ್ದದ್ದು ರಂಗದ ಪಕ್ಕದ ಕಟ್ಟಡದಲ್ಲೇ. ಹೆಂಗಸರು ಹಾಲಿನ ಕ್ಯಾನು ಹಿಡಿದು ಸಾಲುಗಟ್ಟಿದ್ದರು. ಬೀಗದ ಕೈ ದುರ್ಯೋಧನನ ಹತ್ತಿರ. ತೊಡೆಗೆ ಏಟು ಬಿದ್ದ ಮೇಲೆ ಅವನು ಸಾಯುವ ಮುಂಚಿನ ಹಾಡು ಎತ್ತಿಕೊಂಡ. ಒಂದು ಚರಣ ಆಯಿತು. ಎರಡಾಯಿತು. "ಒನ್ಸ್ ಮೋರ್" ಎಂದು ಅವನ ಕಡೆಯವರು ಕೂಗಿದರು. "ಯಾವನ್ಲಾ ಅವನು ಒನ್ಸ್ ಮೋರ್ ಅಂದವನು? ಬಿರ್ರನೆ ಸಾಯಪ್ಪ, ಹಾಲಿನ ಗಾಡಿ ಬರೋ ಹೊತ್ತಾಯ್ತು," ಎಂದಳು ಸಾಲಿನ ಮುಂದಿದ್ದ ಹೆಂಗಸು. ಅವನು ಸತ್ತ. ಮಂಗಳ ಹಾಡುವುದಕ್ಕೂ ಕಾಯದೆ, ಕಿರೀಟ ಒಂದು ಕೈಯಲ್ಲಿ, ಬೀಗದ ಕೈ ಇನ್ನೊಂದರಲ್ಲಿ ಹಿಡಿದು ಮೆಟ್ಟಿಲಿಳಿದ.

ನಾವೂ ಟೀಗೆಂದು ಆ ಕಡೆಯೇ ಹೋದೆವು. ಮುಖದ ಬಣ್ಣ ಹಾಗೇ ಇತ್ತು, ಮೀಸೆ ಒಂದು ಕಡೆ ಬಿಟ್ಟುಕೊಂಡಿತ್ತು. ಒಬ್ಬೊಬ್ಬರ ಹಾಲಿಗೂ ಡಿಗ್ರಿ ಕಡ್ಡಿ ಇಳಿಬಿಟ್ಟು, ದೀಪಕ್ಕೆ ಹಿಡಿದು ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಸಾಲಿನಲ್ಲಿ ಭೀಮನ ಸರದಿ ಬಂತು. ಹೆಂಡತಿ ಕರೆದಿಟ್ಟಿದ್ದ ಹಾಲಿನ ಕ್ಯಾನು ಒಂದು ಕೈಯಲ್ಲಿ, ಗದೆ ಕಂಕುಳಲ್ಲಿ. ದುರ್ಯೋಧನ ಕಡ್ಡಿ ಬಿಟ್ಟ. ಬಗ್ಗಿ ನೋಡಿದ. ಮತ್ತೊಂದು ಸಲ ನೋಡಿದ.

"ಡಿಗ್ರಿ ಇಲ್ಲ. ನೀರು."

"ರಾತ್ರಿಯೆಲ್ಲ ಮಂಜು ಬಿದ್ದೈತಲ್ಲಣ್ಣೋ," ಎಂದ ಭೀಮ.

"ಮಂಜು ಕ್ಯಾನಿನೊಳಕ್ಕೇ ಬಿತ್ತೇನ್ಲಾ?"

ವಕೀಲರು ನಡುವೆ ಬಾಯಿ ಹಾಕಲು ಹೋದರು. ಎದುರು ಪಾರ್ಟಿಯ ಜೊತೆ ನೀವು ಮಾತಾಡಕೂಡದು ಎಂದು ಕಕ್ಷಿದಾರನೇ ತಡೆದ. ಹಾಗಾದರೆ ಸಂಧಾನಕ್ಕೆ ಕೃಷ್ಣನನ್ನೇ ಕರೆಯಿರಿ ಎಂದು ಯಾರೋ ಸಲಹೆ ಕೊಟ್ಟರು. ಒಂದನೇ ಕೃಷ್ಣ ಬೆಂಕಿಯ ಪಕ್ಕ ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಿದ್ದ. ಎರಡನೇ ಕೃಷ್ಣನನ್ನು ಹುಡುಕಿಕೊಂಡು ಹೋದ ಹುಡುಗ ತಿರುಗಿ ಬಂದು ಹೇಳಿದ, ಅವನು ನೀಲಿ ಬಣ್ಣ ತೊಳೆಯುವುದಕ್ಕೂ ನಿಲ್ಲದೆ ಬೈಕ್ ಹತ್ತಿ ಬಿಡದಿಯ ಫ್ಯಾಕ್ಟರಿಗೆ ಮೊದಲ ಪಾಳಿಗೆ ಹೊರಟುಹೋದನಂತೆ.